ಚೀಟಿಯ ಹಿಂದಿನ ಭಯವನ್ನು ಓದುವವರು ಯಾರು?

(ಅಲ್ಲಾಳಸಂದ್ರದಲ್ಲಿ ನಡೆದ ಹೆತ್ತವರ ಮತ್ತು ಅಧ್ಯಾಪಕರ ಸಭೆಯಲ್ಲಿ ಮಾಡಿದ ಭಾಷಣ)



2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಪದವಿಪೂರ್ವ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆ ತೊಡಿಸಿ ಪರೀಕ್ಷೆ ಬರೆಯಿಸಿದ ಚಿತ್ರವನ್ನು ನಾವು ಕಂಡಿದ್ದೇವೆ. ಪಕ್ಕದವರ ಉತ್ತರ ನೋಡದಂತೆ ತಡೆಯುವುದು ಅದರ ಉದ್ದೇಶವಾಗಿತ್ತು. ಇಲಾಖೆಯ ಅಧಿಕಾರಿಗಳು ಅದನ್ನು ನಿಲ್ಲಿಸಿದರು, ದೇಶವೇ ನಕ್ಕಿತು. ಆದರೆ ನಕ್ಕ ನಾವು ಮಾಡಿದ್ದಾದರೂ ಏನು? ಪೆಟ್ಟಿಗೆ ತೆಗೆದು ಕ್ಯಾಮರಾ ಇಟ್ಟೆವು.

ಕ್ಯಾಮರಾ ಬೇಡವೆಂಬುದು ನಮ್ಮ ವಾದವಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂದಾಗ, ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. ಇಳಿಕೆಗೆ ಬೇರೆ ಕಾರಣಗಳೂ ಇರಬಹುದು. ಆದರೆ ಕ್ಯಾಮರಾ ನಕಲನ್ನು ತಡೆದೀತೇ ಹೊರತು ಪಾಠ ಅರ್ಥವಾಗದವನಿಗೆ ಪಾಠ ಹೇಳಿಕೊಡಲಾರದು. ಆಸರೆಯಿಲ್ಲದೆ ನಡೆಯಲು ಕಲಿಯದವರೇ ಮುಂದೆ ಪದವಿ ತರಗತಿಗೆ ಬಂದು ಕೂರುತ್ತಾರೆ.

ದೂರದ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಯಲಹಂಕ–ಹೆಬ್ಬಾಳದ ಆಸುಪಾಸಿನ ಪಿ.ಜಿ.ಗಳಲ್ಲಿ ತಂಗಿ, ಇಂಗ್ಲಿಷಿನ ಪಾಠವನ್ನು ಬಾಯಿಪಾಠ ಮಾಡುವ ಮಕ್ಕಳನ್ನು ನೆನೆಯಿರಿ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಬಾಕಿ ಉಳಿದರೆ ಸಾಲ ಮಾಡಿ ಫೀಸು ಕಟ್ಟಿದ ತಂದೆಗೆ ಹೇಳುವ ಧೈರ್ಯ ಅವರಿಗಿರುವುದಿಲ್ಲ. ಚೀಟಿ ಜೇಬಿಗೆ ಬರುವುದು ಆಗ. ಸಿಕ್ಕಿಬಿದ್ದರೆ ಉತ್ತರ ಪತ್ರಿಕೆ ಕಸಿದು, ಹೇಳಿಕೆ ಬರೆಸಿಕೊಂಡು, ಸಮಿತಿಯ ಮುಂದೆ ನಿಲ್ಲಿಸುತ್ತಾರೆ. ಯಾಕೆ ಮಾಡಿದೆ ಎಂಬ ಪ್ರಶ್ನೆ ಅಲ್ಲಿ ಕೇಳಿಬರುವುದು ಗದರಿಕೆಯಾಗಿ. ಡಿಬಾರ್ ಆದವನು ಮರಳಿ ಬರುವಾಗ ಅದೇ ಬಾಕಿ, ಅದೇ ಭಯ, ಜೊತೆಗೆ ಅವಮಾನ.

ಆಪ್ತ ಸಮಾಲೋಚನೆ ಬೇಕಾಗಿರುವುದು ಇಲ್ಲಿ. ಅದು ಉಪದೇಶವಲ್ಲ, ಉಪದೇಶಕ್ಕೆ ನಮ್ಮಲ್ಲಿ ಬರವಿಲ್ಲ. ಪಾಠ ಅರ್ಥವಾಗದೆ ನಕಲು ಮಾಡಿದವನಿಗೆ ಬೇಕಾದದ್ದು ಪಾಠ. ಮನೆಗೆ ಹೆದರಿದವಳಿಗೆ ಬೇಕಾದದ್ದು ಮನೆಯವರೊಂದಿಗೆ ಮಾತು. ಎಲ್ಲರೂ ಮಾಡುತ್ತಾರೆಂದು ಮಾಡಿದವನಿಗೆ ತನ್ನ ಕೃತ್ಯ ಯಾರ ಪಾಲನ್ನು ಕಸಿಯಿತೆಂದು ತೋರಿಸಬೇಕು. ಇವನ್ನು ಬೇರ್ಪಡಿಸಿ ನೋಡುವುದೇ ಸಮಾಲೋಚಕರ ಕೆಲಸ. 545 ಪಿ.ಎಸ್.ಐ. ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯೇ ರದ್ದಾಗುವಂತೆ ಮಾಡಿದಂತಹ ದಂಧೆಗೆ ಸಮಾಲೋಚನೆ ಮದ್ದಲ್ಲ; ಅದಕ್ಕೆ ಕಾನೂನೇ ಬೇಕು.

100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಹೇಳಿದೆ. ಇದು ಕಾಗದದ ನೇಮಕವಾಗದಿರಲಿ. ಮಾರ್ಗದರ್ಶಕ ಅಧ್ಯಾಪಕರ ರಿಜಿಸ್ಟರ್ ತಪಾಸಣಾ ತಂಡ ಬರುವ ಹಿಂದಿನ ರಾತ್ರಿ ಭರ್ತಿಯಾಗುವ ಪರಿಪಾಠ ಅಧ್ಯಾಪಕರಿಗೆ ಹೊಸತೇನೂ ಅಲ್ಲ. ಸಮಾಲೋಚಕರು ವಿಚಾರಣಾ ಸಮಿತಿಯ ಸದಸ್ಯರಾಗಕೂಡದು. ಅವರಿಗೆ ಹೇಳಿದ ಮಾತು ಪ್ರಾಂಶುಪಾಲರ ಕಡತ ಸೇರುವುದಾದರೆ ಯಾವ ವಿದ್ಯಾರ್ಥಿ ಬಾಯಿ ಬಿಟ್ಟಾನು? ಶಿಕ್ಷೆಯಿರಲಿ, ಆದರೆ ಶಿಕ್ಷೆಯ ಆದೇಶದೊಂದಿಗೆ ಕೆಲವು ಭೇಟಿಗಳೂ ಕಡ್ಡಾಯವಾಗಲಿ. ಅದಕ್ಕೂ ಮೊದಲು, ಮೊದಲ ಆಂತರಿಕ ಪರೀಕ್ಷೆಯ ಅಂಕ ಬಂದ ವಾರವೇ ಹಿಂದುಳಿದವರನ್ನು ಕರೆದು ಮಾತಾಡಿಸಲಿ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಮಗ ಫೇಲಾದೆನೆಂದು ಫೋನಿನಲ್ಲಿ ಹೇಳಿದಾಗ ಮೊದಲ ಐದು ನಿಮಿಷ ಬೈಯದೆ ಕೇಳಿ. ನಿಮ್ಮಿಂದ ಆಗದಿದ್ದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಯನ್ನು ಅವನಿಗೆ ಕೊಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.