ದಿವಾಳಿ ಕೋರ್ಟಿನ ಕಾಗದ, ನಮ್ಮ ರುಜು

(ಹರಿಹರದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಖಾನೆ ಏಳುವುದನ್ನೂ ಬೀಳುವುದನ್ನೂ ನಮ್ಮ ಸೀಮೆ ಚೆನ್ನಾಗಿ ಕಂಡಿದೆ. ದಾವಣಗೆರೆಗೆ ಹೆಸರು ತಂದ ಹತ್ತಿ ಗಿರಣಿಗಳು ಒಂದರ ಹಿಂದೊಂದು ನಿಂತವು. 1941ರಲ್ಲಿ ಇದೇ ಹರಿಹರದಲ್ಲಿ ಹುಟ್ಟಿ, ದೇಶಕ್ಕೆಲ್ಲ ಲೇತ್ ಯಂತ್ರ ಕೊಟ್ಟ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿ, ಹೈಕೋರ್ಟಿನ ಮೂಲಕ ಸಮಾಪನೆಗೆ ಹೋಯಿತು. ಯಂತ್ರ ನಿಂತ ಮೇಲೆ ಕಾರ್ಮಿಕನ ಕೈಗೆ ಬರುವುದು ಕಾಗದ. ಆ ಕಾಗದದ ಕೆಳಗೆ ನಾವು ಹಾಕುವ ರುಜುವಿನ ವಿಷಯ ಇಂದು ನಾಲ್ಕು ಮಾತು ಹೇಳುತ್ತೇವೆ.

ಸಾಲ ತೀರಿಸಲಾರದ ಬಡವನೊಬ್ಬ ದಿವಾಳಿ ಅರ್ಜಿ ಹಾಕಿದರೆ ಅದು ನಡೆಯುವುದು ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯಂತೆ. ದಾವೆಯ ಅರ್ಜಿಗೆ ಇರುವಂತೆಯೇ ಈ ಅರ್ಜಿಗೂ ರುಜು ಮತ್ತು ದೃಢೀಕರಣ ಇರಬೇಕೆಂದು ಅದರ 12ನೆಯ ಕಲಂ ವಿಧಿಸುತ್ತದೆ. ಅಂದರೆ ಎರಡು ರುಜು, ಎರಡು ಹೊಣೆ. ಮೊದಲನೆಯದು, ಇದು ನನ್ನ ಅರ್ಜಿ ಎಂದು ಹೇಳುವುದು. ಎರಡನೆಯದು, ಇಂತಿಂಥ ಪ್ಯಾರಾ ನಾನೇ ಬಲ್ಲದ್ದು, ಇಂತಿಂಥದ್ದು ಪರರಿಂದ ತಿಳಿದು ನಿಜವೆಂದು ನಂಬಿದ್ದು ಎಂದು ವಿಂಗಡಿಸಿ ಹೇಳುವುದು. ಅಲ್ಲಿ ತಾರೀಖೂ ಸ್ಥಳವೂ ಇರಬೇಕು. ಬರೆದವರು ವಕೀಲರಾದರೂ ಹೊಣೆ ರುಜು ಹಾಕಿದವನದು. ಸುಳ್ಳೆಂದು ತಿಳಿದೂ ಹಾಕಿದರೆ ಶಿಕ್ಷೆಯೂ ಅವನಿಗೇ.

ಇನ್ನು ಕಂಪನಿ ದಿವಾಳಿಯೆದ್ದರೆ ಈಗ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತದೆ. ನಮ್ಮ ರಾಜ್ಯದ ಕಂಪನಿಗಳ ವಿಚಾರಣೆ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ಕಾರ್ಮಿಕನ ಬಾಕಿಗೆ ಬೇರೆಯೇ ಒಂದು ನಮೂನೆ ಇದೆ. ಸಮಾಪನೆ ಶುರುವಾದ ದಿನಕ್ಕೆ ಹಿಂದಿನ 24 ತಿಂಗಳ ಬಾಕಿ, ಅಡವು ಬಿಟ್ಟುಕೊಟ್ಟ ಬ್ಯಾಂಕಿನ ಸಾಲದ ಸಮಸಮಕ್ಕೆ ನಿಲ್ಲುತ್ತದೆ. ಪ್ರಾವಿಡೆಂಟ್ ಫಂಡ್, ಗ್ರಾಚ್ಯುಯಿಟಿ ನಿಧಿಗಳ ಹಣ ಸಾಲಗಾರರ ಪಾಲಿಗೆ ಸೇರುವುದಿಲ್ಲ. ಆದ್ದರಿಂದ ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಷ್ಟು ರೂಪಾಯಿ ಎಂಬುದು ರುಜುವಿಗೆ ಮುಂಚೆಯೇ ಅಂಕಿಯಲ್ಲಿ ಬರೆದಿರಬೇಕು. ಖಾಲಿ ಹಾಳೆಗೆ ರುಜು ಹಾಕಿ ಕೊಟ್ಟವನು ತನ್ನ ದುಡಿಮೆಯ ಲೆಕ್ಕ ಬರೆಯುವ ಅಧಿಕಾರವನ್ನು ಪರರಿಗೆ ಕೊಟ್ಟ ಹಾಗೆ. ಅದರಲ್ಲಿ "ಪೂರ್ತಿ ಚುಕ್ತಾ ಆಯಿತು" ಎಂದು ಯಾರು ಬರೆದರೂ ಬಿಡಿಸಿಕೊಳ್ಳುವುದು ಕಷ್ಟ.

"ಹೆಬ್ಬೆಟ್ಟಿನವರ ಮಾತಿಗೆ ಕೋರ್ಟಿನಲ್ಲಿ ಏನು ಬೆಲೆ?" ಎಂದು ಹಿರಿಯ ಕೂಲಿಕಾರರು ಕೇಳುವುದುಂಟು. 1897ರ ಸಾಮಾನ್ಯ ಖಂಡಗಳ ಕಾಯಿದೆ ಇದಕ್ಕೆ ಉತ್ತರ ಕೊಟ್ಟಿದೆ: ಹೆಸರು ಬರೆಯಲಾರದವನು ಹಾಕಿದ ಗುರುತೂ ರುಜುವೇ. ಮಾಲೀಕನ ಇಂಗ್ಲಿಷ್ ರುಜುವಿಗಿಂತ ನಮ್ಮ ಹೆಬ್ಬೆಟ್ಟು ಒಂದು ಕೂದಲೆಳೆಯಷ್ಟೂ ಕಡಮೆಯದಲ್ಲ. ಅದನ್ನು ಒತ್ತುವ ಮುಂಚೆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳುವುದು ನಮ್ಮ ಹಕ್ಕು; ಓದಿ ಹೇಳುವುದು ಅಕ್ಷರ ಬಲ್ಲವರ ಕರ್ತವ್ಯ.

ಒಬ್ಬೊಬ್ಬನೇ ಬೆಂಗಳೂರಿಗೆ ಅಲೆಯಬೇಕಾಗಿಯೂ ಇಲ್ಲ. ಬಾಕಿದಾರರು ಬಹಳ ಮಂದಿ ಇದ್ದರೆ, ಅಧಿಕಾರ ಪಡೆದ ಒಬ್ಬ ಪ್ರತಿನಿಧಿ ಎಲ್ಲರ ಪರವಾಗಿ ಒಂದೇ ನಮೂನೆ ಸಲ್ಲಿಸಬಹುದು. ಕಾನಪುರದ ಜೆ.ಕೆ. ಜ್ಯೂಟ್ ಗಿರಣಿಯ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಇನ್ನೂ ಮುಂದೆ ಹೋಯಿತು: ಕಾರ್ಮಿಕ ಸಂಘವೇ ತನ್ನ ಸದಸ್ಯರ ಪರವಾಗಿ ದಿವಾಳಿ ಅರ್ಜಿ ಹಾಕಬಹುದು ಎಂದಿತು. ಸಾವಿರ ಜನ ಸಾವಿರ ಅರ್ಜಿ ಹಾಕಿ ಸಾವಿರ ಸಲ ಖರ್ಚು ಮಾಡುವ ಕಷ್ಟವನ್ನು ಕೋರ್ಟು ಕಂಡಿತು. ಸಂಘಕ್ಕೆ ಈ ಬಲ ಬರುವುದು ಸದಸ್ಯರ ಪಟ್ಟಿಯೂ ಬಾಕಿಯ ಲೆಕ್ಕವೂ ಸರಿಯಾಗಿದ್ದಾಗ.

ಆದ್ದರಿಂದ ಸಂಬಳದ ಚೀಟಿ, ಹಾಜರಿ ಚೀಟಿಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿ. ರುಜು ಹಾಕಿದ ಪ್ರತಿಯೊಂದು ಕಾಗದದ ನಕಲು ಇಟ್ಟುಕೊಳ್ಳಿ. ಓದಿಸದೆ ಒತ್ತಬೇಡಿ, ಖಾಲಿ ಹಾಳೆಗೆ ಒತ್ತಲೇಬೇಡಿ. ಓದಿಸಲು ಯಾರೂ ಸಿಗದಿದ್ದರೆ ಸಂಘದ ಕಚೇರಿಗೆ ಬನ್ನಿ, ಓದಿ ಹೇಳುತ್ತೇವೆ.