ಮಂಡಿ ಆಪರೇಷನ್ನಿಗೆ ಸರ್ಕಾರ ಕಟ್ಟಿದ ದರ

ಮೈಸೂರಿನ ನಜರ್‌ಬಾದಿನಲ್ಲಿ ಮಿನಿ ವಿಧಾನಸೌಧವಿದೆ. ತಾಲ್ಲೂಕು ಕಚೇರಿ ಇರುವುದು ಅಲ್ಲೇ. ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ ಎಂದು ಇಂಥ ಕಚೇರಿಗಳಿಗೆ ಅಲೆಯುವವರ ತಲೆಯಲ್ಲಿ ಅಕ್ಕಿಯ ಜೊತೆಗೆ ಆಸ್ಪತ್ರೆಯ ಚಿಂತೆಯೂ ಇರುತ್ತದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗಾದರೆ ಪ್ಯಾಕೇಜ್ ದರದ ಶೇಕಡಾ 30 ಭಾಗ ಮಾತ್ರ. ವರ್ಷದ ಮಿತಿ 1.5 ಲಕ್ಷ.

5 ಲಕ್ಷ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಸವೆದ ಮಂಡಿ ಹಿಡಿದುಕೊಂಡು ಕೂತ ಅಜ್ಜಿಗೆ ಆಪರೇಷನ್ ಆಗುತ್ತದೋ ಇಲ್ಲವೋ ಎಂಬುದು ನಿಂತಿರುವುದು ಬೇರೊಂದು ಅಂಕಿಯ ಮೇಲೆ. ಅದೇ ಪ್ಯಾಕೇಜ್ ದರ. ಒಂದು ಆಪರೇಷನ್ನಿಗೆ ಆಸ್ಪತ್ರೆಗೆ ಇಷ್ಟು ಎಂದು ಸರ್ಕಾರ ಒಟ್ಟಾಗಿ ಕಟ್ಟಿಕೊಡುವ ಮೊತ್ತ. ಯೋಜನೆ ಶುರುವಾದಾಗ ಹಾಸಿಗೆ, ಸರ್ಜನ್, ಅರಿವಳಿಕೆ, ಔಷಧಿ, ಕೃತಕ ಕೀಲು, ಊಟ ಎಲ್ಲವೂ ಅದರೊಳಗೇ ಮುಗಿಯಬೇಕಿತ್ತು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದಾಗ ಕೇಂದ್ರದ ಪಟ್ಟಿಯಲ್ಲಿ ಒಂದು ಮಂಡಿ ಬದಲಾವಣೆಗೆ ಇದ್ದದ್ದು 80 ಸಾವಿರ. ಅದಕ್ಕೂ ಒಂದು ವರ್ಷ ಮೊದಲು, 2017ರ ಆಗಸ್ಟ್‌ನಲ್ಲಿ, ಕೃತಕ ಮಂಡಿಗೆ ಸರ್ಕಾರವೇ ಗರಿಷ್ಠ ಬೆಲೆ ಗೊತ್ತುಮಾಡಿತ್ತು. ಹೆಚ್ಚಾಗಿ ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷ ದಾಟುತ್ತಿದ್ದ ಬೆಲೆಯನ್ನು ಹೀಗೆ ಇಳಿಸಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಆದರೂ ಆ ಗರಿಷ್ಠ ಬೆಲೆಗೇ ಮಂಡಿ ಕೊಂಡರೆ 80 ಸಾವಿರದಲ್ಲಿ ಉಳಿಯುವುದು 23 ಸಾವಿರಕ್ಕೂ ಕಡಿಮೆ. ಸಗಟಾಗಿ ಕೊಳ್ಳುವ ಆಸ್ಪತ್ರೆಗೆ ಇಂಪ್ಲಾಂಟ್ ಅಗ್ಗಕ್ಕೆ ಸಿಗುತ್ತದೆ, ನಿಜ. ಸಣ್ಣ ನರ್ಸಿಂಗ್ ಹೋಮಿಗೆ ಆ ಚೌಕಾಸಿಯ ಬಲ ಎಲ್ಲಿದೆ?

ಇನ್ನೊಂದು ತೊಡಕಿದೆ. ಬೇರೆ ಕಾಯಿಲೆಯಿಲ್ಲದ ಐವತ್ತೈದರ ಗಟ್ಟಿಮುಟ್ಟಾದ ಮನುಷ್ಯನಿಗೂ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎರಡೂ ಇರುವ ಎಂಬತ್ತರ ಮುದುಕಿಗೂ ಮೂಲ ದರ ಒಂದೇ. ಮುದುಕಿಗೆ ಐಸಿಯು ಬೇಕಾಗಬಹುದು, ಹಾಸಿಗೆ ಹೆಚ್ಚು ದಿನ ಬೇಕಾಗಬಹುದು. ದರ ಬಿಗಿಯಾದಷ್ಟೂ ಆಸ್ಪತ್ರೆಗಳು ಸುಲಭದ ರೋಗಿಯನ್ನು ಆರಿಸಿಕೊಳ್ಳುತ್ತವೆ. ಕಷ್ಟದ ರೋಗಿಗೆ ‘ಬೆಡ್ ಇಲ್ಲ, ಮುಂದಿನ ತಿಂಗಳು ಬನ್ನಿ’ ಎಂಬ ಉತ್ತರ. ದರ ಸರಿಯಿದ್ದರೂ ಬಿಲ್ ಪಾಸಾಗಲು ತಿಂಗಳುಗಟ್ಟಲೆ ಹಿಡಿದರೆ ಫಲ ಅದೇ. ಅಮೆರಿಕದಲ್ಲೂ ಬಡವರ ಮೆಡಿಕೇಡ್ ವಿಮೆ ಎಂದರೆ ಮೂಳೆ ವೈದ್ಯರ ಭೇಟಿ ಸಿಗುವುದು ಕಷ್ಟ ಎಂದು ಅಲ್ಲಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಹಾಗೆಂದು ರೋಗಿಯ ಕೈಯಿಂದ ಹಣ ಕಿತ್ತುಕೊಳ್ಳುವುದಕ್ಕೆ ಇದು ನೆಪವಾಗಕೂಡದು. ಯೋಜನೆಯಡಿ ದಾಖಲಾದವರೂ ಕೈಯಿಂದ ಹಣ ಕೊಟ್ಟ ಪ್ರಕರಣಗಳನ್ನು ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಸಿಎಜಿ 2023ರ ವರದಿಯಲ್ಲಿ ಎತ್ತಿ ತೋರಿಸಿದೆ. ನನ್ನ ಅಭಿಪ್ರಾಯ ಇಷ್ಟು: ಇಂಪ್ಲಾಂಟಿನ ಬೆಲೆಯನ್ನು ಪ್ಯಾಕೇಜಿನಿಂದ ಬೇರ್ಪಡಿಸಿಯೇ ಕೊಡಬೇಕು, ವಯಸ್ಸಾದ, ಹಲವು ಕಾಯಿಲೆಯ ರೋಗಿಗೆ ದರ ಹೆಚ್ಚಿಸಬೇಕು, ಹಣ ಗಡುವಿನೊಳಗೆ ತಲುಪಬೇಕು. ಇಷ್ಟು ಮಾಡಿದ ಮೇಲೂ ರೋಗಿಯಿಂದ ಹಣ ಕೇಳಿದ ಆಸ್ಪತ್ರೆಯನ್ನು ಪಟ್ಟಿಯಿಂದ ತೆಗೆಯಲು ಸರ್ಕಾರ ಹಿಂಜರಿಯಬಾರದು.

ಮೈಸೂರಿಗರಿಗೆ ಎಲ್ಲಕ್ಕಿಂತ ದೊಡ್ಡ ಆಸರೆ ಕೆ.ಆರ್. ಆಸ್ಪತ್ರೆ. ಯೋಜನೆಯ ಹಣ ಸರ್ಕಾರಿ ಆಸ್ಪತ್ರೆಗೂ ಸಲ್ಲುತ್ತದೆ. ಆ ಹಣ ಅಲ್ಲಿನ ಆಪರೇಷನ್ ಥಿಯೇಟರ್, ಫಿಸಿಯೋಥೆರಪಿಗಳ ಬಲ ಹೆಚ್ಚಿಸಿದರೆ ಖಾಸಗಿಯವರ ಒಪ್ಪಿಗೆಗೆ ಕಾಯುವ ಪ್ರಮೇಯವೇ ಕಡಿಮೆಯಾಗುತ್ತದೆ.

ಮಂಡಿ ಬದಲಾವಣೆಯಂಥ ತುರ್ತಲ್ಲದ ಆಪರೇಷನ್ ಬೇಕಾದವರು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೇಳಿ ಪಡೆಯಿರಿ; ಅದಿಲ್ಲದೆ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆಯ ಲಾಭ ಕೈತಪ್ಪಬಹುದು. ಬಿದ್ದು ಮೂಳೆ ಮುರಿದರೆ ಮಾತ್ರ ತಡಮಾಡಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ; ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವವಕ್ಕೆ ರೆಫರಲ್ ಬೇಕಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಮೊದಲು ಅವರನ್ನು ಕಾಣಿ. ಬಿಪಿಎಲ್ ಕಾರ್ಡಿದ್ದೂ ಯಾರಾದರೂ ಹಣ ಕೇಳಿದರೆ ರಸೀದಿ ಕೇಳಿ, 14555ಕ್ಕೆ ಫೋನ್ ಮಾಡಿ ದೂರು ಕೊಡಿ.