ಶ್ರಮದಾನದ ಹಾಜರಿ ಪುಸ್ತಕದಲ್ಲಿ ಇಲ್ಲದವರು

(ಕಾಡ್ಗಿಚ್ಚು ತಡೆ ಕುರಿತ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾಳೆ ಬೆಳಿಗ್ಗೆ ಈ ಊರಿನ ಬೆಟ್ಟದಲ್ಲಿ ಬೆಂಕಿರೇಖೆ ಸವರುವ ಕಾರ್ಯ ಆರಂಭವಾಗಲಿದೆ. ಇಂದು ಸಂಜೆ ಆರು ಗಂಟೆಗೆ ಕಾಡ್ಗಿಚ್ಚು ತಡೆ ಸಮಿತಿಯ ಆಯ್ಕೆ. ಸ್ವಯಂಸೇವೆಯ ಮಹತ್ವವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ನನಗೆ ಸೂಚಿಸಿದ್ದಾರೆ. ಅದರ ಮಹತ್ವವನ್ನು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡಾಗ ಅವರಿಗೆ ದಿನಭತ್ಯೆಯನ್ನು ಯಾರೂ ಕೊಟ್ಟಿರಲಿಲ್ಲ. ನನ್ನ ಪ್ರಶ್ನೆ ಬೇರೆ: ಸ್ವಯಂಸೇವಕರೆಂದು ನಾವು ಯಾರನ್ನು ಎಣಿಸುತ್ತೇವೆ, ಯಾರನ್ನು ಬಿಟ್ಟುಬಿಡುತ್ತೇವೆ?

ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಕೆರೆಯ ಹೂಳೆತ್ತುವ ಶ್ರಮದಾನದಲ್ಲಿ ಹಾಜರಿ ಬರೆಯುವ ಹೊಣೆ ನನ್ನದಾಗಿತ್ತು. ತೋಟದ ಮನೆಗಳವರು ಉತ್ಸಾಹದಿಂದ ಬಂದರು. ಕೂಲಿಕಾರರ ಕೇರಿಯಿಂದ ಬಂದವರು ಬೆರಳೆಣಿಕೆಯಷ್ಟು. ವರದಿಯಲ್ಲಿ ನಾನು "ಆ ಭಾಗದ ಜನರಲ್ಲಿ ಜಾಗೃತಿಯ ಕೊರತೆ ಇದೆ" ಎಂದು ಬರೆದೆ. ಆ ವಾಕ್ಯವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ತೆಗೆದ ಗೋಡುಮಣ್ಣು ಹೋದದ್ದು ಅಡಿಕೆ ತೋಟಗಳಿಗೆ. ಕೆರೆ ತುಂಬಿದರೆ ಒರತೆ ಹೆಚ್ಚುವುದೂ ಅದೇ ತೋಟಗಳ ಬಾವಿಗಳಲ್ಲಿ. ತೋಟದ ಯಜಮಾನನಿಗೆ ಆ ದಿನ ನಷ್ಟವಾದದ್ದು ಅರ್ಧ ದಿನದ ಬಿಡುವು. ಕೂಲಿಕಾರಳಿಗೆ ನಷ್ಟವಾಗುತ್ತಿದ್ದದ್ದು ಒಂದು ದಿನದ ಅನ್ನ. ಲಾಭ ಪಡೆಯುವವನು ಸ್ವಯಂಸೇವಕನೆನಿಸಿಕೊಂಡ, ನಷ್ಟಕ್ಕೆ ಒಳಗಾಗುವವಳು ನಿರಾಸಕ್ತಳೆನಿಸಿಕೊಂಡಳು. ಅಂದು ಎಲ್ಲರಿಗೂ ಅವಲಕ್ಕಿ, ಮಜ್ಜಿಗೆ ಸಿದ್ಧಪಡಿಸಿದ ಹೆಂಗಸರ ಹೆಸರುಗಳೂ ನನ್ನ ಪುಸ್ತಕದಲ್ಲಿ ಇರಲಿಲ್ಲ. ಅವರು ಕೆರೆಗೆ ಇಳಿದಿರಲಿಲ್ಲವಲ್ಲ!

ಈ ಎಣಿಕೆಯ ದೋಷ ನನ್ನೊಬ್ಬನದಲ್ಲ. 2013ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಆಶ್ರಯದಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞರು ಸ್ವಯಂಸೇವೆಗೆ ಒಂದು ವ್ಯಾಖ್ಯೆ ನೀಡಿದರು. ಸಂಬಳವಿಲ್ಲದೆ, ಒತ್ತಾಯವಿಲ್ಲದೆ, ತನ್ನ ಮನೆ ಮತ್ತು ಕುಟುಂಬದ ಹೊರಗಿನವರಿಗಾಗಿ ಮಾಡುವ ಕೆಲಸವೇ ಅದು. ಸಂಘಸಂಸ್ಥೆಗಳ ಮೂಲಕ ಮಾಡಿದ್ದು ಮಾತ್ರವಲ್ಲದೆ ನೆರೆಯವರಿಗೆ ನೇರವಾಗಿ ಮಾಡಿದ್ದೂ ಅದರೊಳಗೆ ಬರುತ್ತದೆ. (ನಮ್ಮ ಮುಯ್ಯಾಳನ್ನು ಎಲ್ಲಿ ಸೇರಿಸುವುದು ಎಂದು ಕೇಳಿದರೆ ಆ ವಿದ್ವಾಂಸರೂ ತುಸು ಯೋಚಿಸಬೇಕಾದೀತು.) ಜಗತ್ತಿನ ಸ್ವಯಂಸೇವೆಯಲ್ಲಿ ಶೇಕಡ 70ರಷ್ಟು ಹೀಗೆ ಸಂಸ್ಥೆಗಳ ಹೊರಗೆ ನಡೆಯುತ್ತದೆಂದು ವಿಶ್ವಸಂಸ್ಥೆಯ ಸ್ವಯಂಸೇವಾ ವಿಭಾಗದ 2018ರ ವರದಿ ಅಂದಾಜಿಸಿತು. ಪ್ರಮಾಣಪತ್ರ, ಟೋಪಿ, ಛಾಯಾಚಿತ್ರಗಳಿಲ್ಲದ ಸೇವೆ ಅದು.

ಇನ್ನು ಬಿಡುವಿನ ಪ್ರಶ್ನೆ. ಭಾರತ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯ ಸಂಬಳವಿಲ್ಲದ ಕೆಲಸದಲ್ಲಿ ದಿನವೊಂದರಲ್ಲಿ ತೊಡಗುವ ಹೆಂಗಸರು ಶೇಕಡ 81.2, ಗಂಡಸರು ಶೇಕಡ 26.1. ತೊಡಗಿದವರು ಅದಕ್ಕೆ ವ್ಯಯಿಸುವ ಸಮಯವಾದರೋ ಹೆಂಗಸರದು 299 ನಿಮಿಷ, ಗಂಡಸರದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88 ಆಯಿತು. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು ಎನ್ನೋಣ. ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡರು. ಸಂಜೆ ಆರು ಗಂಟೆಯೆಂದರೆ ಹಾಲು ಕರೆಯುವ, ಒಲೆ ಹಚ್ಚುವ ಹೊತ್ತು. ಆ ಹೊತ್ತಿಗೆ ಸಭೆ ಕರೆದು, "ಮಹಿಳೆಯರು ಮುಂದೆ ಬರಬೇಕು" ಎಂದು ಭಾಷಣ ಮಾಡುವುದು ಎಷ್ಟು ಸರಿ?

ಸರ್ಕಾರದ ನಿಯಮಗಳು ಈ ಕೊರತೆಯನ್ನು ಮೀಸಲಾತಿಯಿಂದ ತುಂಬಲು ಯತ್ನಿಸಿವೆ. ಜೀವವೈವಿಧ್ಯ ನಿರ್ವಹಣಾ ಸಮಿತಿಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕೆಂದೂ, ಪರಿಶಿಷ್ಟ ಜಾತಿ ಪಂಗಡದವರು ಶೇಕಡ 18ಕ್ಕೆ ಕಡಿಮೆಯಿರಬಾರದೆಂದೂ 2004ರ ನಿಯಮಗಳು ವಿಧಿಸಿದವು. ಸಂಖ್ಯೆಯಿಂದ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅವರು ಗುಜರಾತ್ ಮತ್ತು ನೇಪಾಳದ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ಸಂಶೋಧನೆಯು, ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರ ಪಾಲು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟಾದಾಗ ಅವರ ಭಾಗವಹಿಸುವಿಕೆ ಗಣನೀಯವಾಗಿ ಹೆಚ್ಚುತ್ತದೆಂದು ತೋರಿಸಿತು. ಅದಕ್ಕಿಂತ ನನ್ನ ಗಮನ ಸೆಳೆದದ್ದು ಇನ್ನೊಂದು: ಯಾವ ಮಹಿಳೆ ಎಂಬುದೂ ಮುಖ್ಯ. ಭೂಮಿಯಿಲ್ಲದ ಬಡ ಮನೆಗಳ ಹೆಂಗಸರು ಸಮಿತಿಯಲ್ಲಿದ್ದಾಗ ಹೆಚ್ಚು ಮಾತನಾಡುತ್ತಾರೆ. ಕಾರಣ ಸರಳ. ಕಾಡಿನ ಬಾಗಿಲು ಮುಚ್ಚಿದರೆ ಸೌದೆಗಾಗಿ ಮತ್ತಷ್ಟು ದೂರ ನಡೆಯಬೇಕಾದವರು ಅವರೇ.

ನಮ್ಮ ಬೆಟ್ಟದ ಮಾತಿಗೆ ಬರೋಣ. ಚಳಿ ಇಳಿದು ಎಲೆ ಉದುರಿದ ಮೇಲೆ ಸೊಪ್ಪಿನ ಬೆಟ್ಟಗಳಲ್ಲಿ ದರಕು ಗುಡಿಸುವವರು ಯಾರು? ಬಹುಪಾಲು ಕೂಲಿ ಹೆಂಗಸರು. ಆ ದರಕು ಕೊಟ್ಟಿಗೆಯ ಹಾಸಾಗಿ, ಗೊಬ್ಬರವಾಗಿ ತೋಟ ಸೇರುತ್ತದೆ. ಅತಿಯಾಗಿ ಗುಡಿಸಿದರೆ ಬೆಟ್ಟದ ಮಣ್ಣು ಬಡವಾಗುತ್ತದೆಂಬುದನ್ನು ಕೃಷಿ ವಿಜ್ಞಾನಿಯಾಗಿ ಹೇಳಲೇಬೇಕು. ಆದರೆ ನೆಲದ ಮೇಲಿನ ಒಣ ಎಲೆಯೇ ಬೆಂಕಿಯ ಆಹಾರ. ಕಾಲುದಾರಿಯ ಎರಡೂ ಬದಿ ದರಕು ತೆಗೆದಲ್ಲಿ ಬೆಂಕಿ ನಿಲ್ಲುವುದನ್ನು ನೀವೆಲ್ಲರೂ ಕಂಡಿದ್ದೀರಿ. ಹೊಗೆಯನ್ನು ಮೊದಲು ಕಾಣುವವರೂ ಅವರೇ. ಯಾವ ಹಾಡಿಯಲ್ಲಿ ಗಾಳಿ ಹೇಗೆ ತಿರುಗುತ್ತದೆ ಎಂಬುದು ಅವರಿಗೆ ತಿಳಿದಷ್ಟು ನನ್ನ ನಕ್ಷೆಗೆ ತಿಳಿಯದು. ಇಂದು ಸಂಜೆಯ ಸಮಿತಿಗೆ ಸೂಚಿತವಾದ ಹೆಸರುಗಳನ್ನು ನನಗೆ ತೋರಿಸಿದರು. ಅವರಲ್ಲಿ ಒಬ್ಬರ ಹೆಸರೂ ಇಲ್ಲ.

ದಿನಗೂಲಿಯನ್ನೇ ನಂಬಿದವರು ಬೆಂಕಿರೇಖೆಯ ಕೆಲಸಕ್ಕೆ ಬಂದಾಗ ಆ ದಿನದ ಕೂಲಿಯನ್ನು ಸಂಘದಿಂದ ಕೊಡಬೇಕೆಂದು ನಾನು ಬೆಳಿಗ್ಗೆ ಹೇಳಿದಾಗ, "ಕೂಲಿ ಕೊಟ್ಟರೆ ಅದು ಸೇವೆ ಹೇಗಾದೀತು?" ಎಂದು ಹಿರಿಯರೊಬ್ಬರು ಕೇಳಿದರು. ನಾನು ಈ ಶಿಬಿರಕ್ಕೆ ಬಂದದ್ದು ಅನ್ಯಕಾರ್ಯ ನಿಮಿತ್ತ ರಜೆಯ ಮೇಲೆ. ನನ್ನ ಸಂಬಳದಲ್ಲಿ ಒಂದು ರೂಪಾಯಿಯೂ ಕಡಿತವಾಗುವುದಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 120 ಗಂಟೆಗಳ ಸೇವೆ ಲೆಕ್ಕಕ್ಕೆ ಸಿಗುತ್ತದೆ, ಪ್ರಮಾಣಪತ್ರವೂ ದೊರೆಯುತ್ತದೆ. ನಮ್ಮದು ಸೇವೆಯಾಗುವುದಾದರೆ ಅವರದು ಏಕಾಗಬಾರದು?

ಆದುದರಿಂದ ಸಂಘಟಕರಲ್ಲಿ ನನ್ನದೊಂದು ವಿನಂತಿ. ಬೆಂಕಿರೇಖೆಯ ಕಾರ್ಯ ನಾಳೆಯೇ ಆರಂಭವಾಗಲಿ, ಅದಕ್ಕೆ ಸಮಿತಿ ಬೇಕಿಲ್ಲ. ಸಮಿತಿಯ ಆಯ್ಕೆಯನ್ನು ಇಂದು ನಡೆಸದೆ, ಕೂಲಿಗೆ ಬಿಡುವಿರುವ ಬರುವ ಸಂತೆಯ ದಿನ ಇಟ್ಟುಕೊಳ್ಳೋಣ, ಅದೂ ಈ ಸಭಾಭವನದಲ್ಲಲ್ಲ, ಕೆಳಗಿನ ಕೇರಿಯ ಅಂಗಳದಲ್ಲಿ. ಅಂದು ಅವಲಕ್ಕಿ, ಮಜ್ಜಿಗೆಯ ಹೊಣೆಯನ್ನು ಇಲ್ಲಿ ಕುಳಿತಿರುವ ಗಂಡಸರು ಮತ್ತು ವಿದ್ಯಾರ್ಥಿಗಳು ವಹಿಸಿಕೊಳ್ಳಲಿ. ಹಾಜರಿ ಪುಸ್ತಕವನ್ನು ನಾನೇ ತರುತ್ತೇನೆ.